ವಂಶವೃಕ್ಷದ ಕೊಂಬೆಗಳಲ್ಲಿ ಮದ್ದು

ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂದರು ನಮ್ಮ ಹಿರಿಯರು. ಸಸ್ಯಲೋಕಕ್ಕೂ ಈ ಮಾತು ಸಲ್ಲುವುದೇ? ಸಲ್ಲುತ್ತದೆ ಎಂದು ಜಿನೀವಾದ ಸಸ್ಯಶಾಸ್ತ್ರಜ್ಞ ಡಿ ಕಾಂಡೋಲ್ 1804ರಲ್ಲಿಯೇ ವಾದಿಸಿದ. ರೂಪದಲ್ಲಿ ಹೋಲುವ ಗಿಡಗಳು ಔಷಧಗುಣದಲ್ಲಿಯೂ ಹೋಲುತ್ತವೆಂಬುದು ಅವನ ಪ್ರಬಂಧದ ಸಾರ. ಈ ಹೋಲಿಕೆಗೆ ಕಾರಣವನ್ನು ಹೇಳಿದವನು ಡಾರ್ವಿನ್. 1859ರಲ್ಲಿ ಪ್ರಕಟವಾದ ‘ಜೀವಜಾತಿಗಳ ಉಗಮ’ದಲ್ಲಿದ್ದುದು ಒಂದೇ ಚಿತ್ರ: ಕವಲೊಡೆಯುತ್ತ ಸಾಗುವ ವಂಶವೃಕ್ಷ.

ಆದರೆ ಹೋಲಿಕೆಯೆಲ್ಲ ನೆಂಟಸ್ತಿಕೆಯೇ? ಚೀನೀಯರು ‘ಸಂತೋಷದ ಮರ’ವೆಂದು ಕರೆಯುವ ಕ್ಯಾಂಪ್ಟೊಥೆಕಾದಿಂದ, ಕ್ಯಾನ್ಸರ್ ಕೋಶಗಳನ್ನು ತಡೆಯುವ ಕ್ಯಾಂಪ್ಟೊಥೆಸಿನ್ ಎಂಬ ವಸ್ತುವನ್ನು ಪಡೆದ ಬಗೆಯನ್ನು ಅಮೆರಿಕದ ಮನ್ರೋ ವಾಲ್, ಭಾರತದಲ್ಲಿ ಹುಟ್ಟಿದ ಮನ್‌ಸುಖ್ ವಾನಿ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದರು. ಅದೇ ವಸ್ತು ನಮ್ಮ ಪಶ್ಚಿಮಘಟ್ಟದ ನೊಥಾಪೊಡೈಟಿಸ್ ಮರದಲ್ಲಿಯೂ ಇದೆಯೆಂದು ಗೋವಿಂದಾಚಾರಿ ಮತ್ತು ವಿಶ್ವನಾಥನ್ 1972ರಲ್ಲಿ ತೋರಿಸಿದರು. ಮುಂದೆ ಕಾಫಿಯ ಕುಟುಂಬದ ಓಫಿಯೊರೈಜಾ ಎಂಬ ಪುಟ್ಟ ಗಿಡದಲ್ಲಿಯೂ ಅದು ದೊರೆಯಿತು. ಅದರಿಂದ ರೂಪಿಸಿದ ಎರಡು ಮದ್ದುಗಳಿಗೆ 1996ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಬೇಡಿಕೆ ಏರಿದಂತೆ ಘಟ್ಟದ ಮರಗಳು ಕೊಡಲಿಗೆ ಬಿದ್ದವು.

1990ರ ದಶಕದಲ್ಲಿ ಡಿ.ಎನ್.ಎ. ಓದಿ ಸಸ್ಯಗಳ ವಂಶವೃಕ್ಷವನ್ನು ಹೊಸದಾಗಿ ಬರೆದಾಗ, ಈ ಮೂರೂ ಬೇರೆ ಬೇರೆ ಕೊಂಬೆಗಳಲ್ಲಿ ಕಂಡವು. ಹಾಗಾದರೆ ಈ ಮದ್ದು ಪಿತ್ರಾರ್ಜಿತವೋ, ಸ್ವಯಾರ್ಜಿತವೋ? 2016ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಸುಳಿವು ಕೊಟ್ಟಿತು. ಚೀನಾದ ಮರವೂ ಓಫಿಯೊರೈಜಾವೂ ಇದನ್ನು ತಯಾರಿಸುವಾಗ ನಡುವೆ ಬೇರೆ ಬೇರೆ ಪದಾರ್ಥಗಳನ್ನು ಹಾದು ಬರುತ್ತವೆ. ಊರು ಒಂದೇ, ದಾರಿ ಎರಡು. ಎಲ್ಲವೂ ಹಿರಿಯರ ಗಳಿಕೆಯಲ್ಲ. ಸ್ವಂತ ದುಡಿಮೆಯ ಪಾಲೂ ಇಲ್ಲಿದೆ.

ಹಾಗೆಂದು ನೆಂಟಸ್ತಿಕೆಯ ಅರಿವು ವ್ಯರ್ಥವಲ್ಲ. ನೊಥಾಪೊಡೈಟಿಸ್‌ನ ಬಳಗವನ್ನೇ ಅರಸಿ ಹೊರಟ ಬೆಂಗಳೂರಿನ ಸಂಶೋಧಕರಿಗೆ ಘಟ್ಟದ ಮಿಕೆಲಿಯಾ ಎಂಬ ಬಳ್ಳಿಯಲ್ಲಿ ಈ ವಸ್ತು ಹೇರಳವಾಗಿ ದೊರೆಯಿತು. 2013ರಲ್ಲಿ ಅದನ್ನು ಪ್ರಕಟಿಸಿದರು. ದೂರದವರ ಬಗ್ಗೆ ಸಂದೇಹ ಹುಟ್ಟಿಸಿದ ವಂಶವೃಕ್ಷವೇ ಹತ್ತಿರದವರ ಮನೆ ತೋರಿಸಿತು.

ಈ ದಾರಿಯಲ್ಲಿ ವಿಜ್ಞಾನಿಯ ಹಿಂದೆಯೇ ಕೊಡಲಿಯೂ ನಡೆದುಬರಬಲ್ಲದು ಎಂಬುದನ್ನು ನಾವು ಮರೆಯಬಾರದು. ಪಿತ್ರಾರ್ಜಿತವಾದರೆ ಒಡಹುಟ್ಟಿದವರ ಬಳಿಯಾದರೂ ಉಳಿದೀತು. ಕೊಂಬೆಯೊಂದು ತಾನೇ ಗಳಿಸಿದ್ದಕ್ಕೆ, ಆ ಕೊಂಬೆ ಮುರಿದ ಮೇಲೆ, ವಾರಸುದಾರರಿಲ್ಲ.