ನಾಯಿಯೊಡನೆ ಊರಿನ ದಾರಿ: ಮುಂಬಯಿಯಿಂದ ಕರಾವಳಿಗೆ ದಂಪತಿಗಳ ನಿಧಾನ ಪಯಣ

ಮುಂಬಯಿ, ಠಾಣೆ, ಪುಣೆಗಳಲ್ಲಿ ನೆಲೆಸಿದ ಕನ್ನಡ ಕುಟುಂಬಗಳಿಗೆ ಊರಿನ ಪ್ರಯಾಣವೆಂದರೆ ಬಹುಕಾಲ ರಾತ್ರಿಯ ಬಸ್ಸು. 1998ರ ನಂತರ ಕೊಂಕಣ ರೈಲು. ಮಕ್ಕಳು ದೊಡ್ಡವರಾಗಿ ಬೇರೆ ಬೇರೆ ಕಡೆ ನೆಲೆ ನಿಂತ ಮೇಲೆ ಮನೆಯಲ್ಲಿ ಉಳಿಯುವವರು ಗಂಡ, ಹೆಂಡತಿ ಮತ್ತು ಈಗೀಗ ಅನೇಕ ಮನೆಗಳಲ್ಲಿ ಒಂದು ನಾಯಿ. ರೈಲಿನಲ್ಲಿ ಅದನ್ನು ಜೊತೆಯಲ್ಲೇ ಇರಿಸಿಕೊಳ್ಳಬೇಕಾದರೆ ಪ್ರಥಮ ದರ್ಜೆಯ ಕೋಣೆಯನ್ನೇ ಪೂರ್ಣವಾಗಿ ಕಾದಿರಿಸಬೇಕು. ಇಲ್ಲವಾದರೆ ಗಾರ್ಡಿನ ಡಬ್ಬಿಯ ಪೆಟ್ಟಿಗೆಯಲ್ಲಿ ಅದು ಒಂಟಿಯಾಗಿ ಸಾಗಬೇಕು. ಆದ್ದರಿಂದ ಇಂಥ ಸಂಸಾರಕ್ಕೆ ಸ್ವಂತ ಕಾರಿನ, ಅವಸರವಿಲ್ಲದ ಪಯಣವೇ ಅನುಕೂಲ. ಅದಕ್ಕೆ ಬೇಕಾದ ತಿಳಿವಳಿಕೆಯನ್ನು ನಾವು ಇಲ್ಲಿ ಒಂದೆಡೆ ಕೊಡುತ್ತಿದ್ದೇವೆ.

ನಾಡಿನ ಹಳೆಯ ನಂಟು

ನಾಯಿಯ ಮೇಲಿನ ಮಮತೆ ಪಟ್ಟಣದವರ ಹೊಸ ಗೀಳು ಎನ್ನುವವರಿದ್ದಾರೆ. ಮಂಡ್ಯ ಜಿಲ್ಲೆಯ ಆತಕೂರಿನ ಶಾಸನ ಬೇರೆಯೇ ಕಥೆ ಹೇಳುತ್ತದೆ. ಕ್ರಿ.ಶ. 949-50ರ ಈ ಶಾಸನದ ಪ್ರಕಾರ, ತಕ್ಕೋಲದ ಯುದ್ಧದಲ್ಲಿ ಪರಾಕ್ರಮ ತೋರಿದ ಮಣಲೇರನಿಗೆ ಬೇಕಾದುದನ್ನು ಕೇಳೆಂದಾಗ ಅವನು ಬೇಡಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಮುಂದೆ ಆ ಕಾಳಿ ಹಂದಿಯೊಡನೆ ಹೋರಾಡಿ, ಎರಡೂ ಸತ್ತಾಗ ಅದರ ನೆನಪಿಗೆ ಕಲ್ಲು ನಿಲ್ಲಿಸಲಾಯಿತು. ಬಾಗಲಕೋಟೆ ಜಿಲ್ಲೆಯ ಮುಧೋಳದ ನಾಯಿಯ ಚಿತ್ರವುಳ್ಳ ಅಂಚೆಚೀಟಿ 2005ರಲ್ಲಿ ಹೊರಬಂದಿತು.

ಮಾರ್ಗ ಮತ್ತು ಕಾಲ

ಮುಂಬಯಿಯಿಂದ ಕರಾವಳಿಗೆ ಮುಖ್ಯವಾಗಿ ಎರಡು ದಾರಿಗಳಿವೆ. ಮೊದಲನೆಯದು ಪನವೇಲಿನಿಂದ ಹೊರಡುವ ರಾಷ್ಟ್ರೀಯ ಹೆದ್ದಾರಿ 66, ಅಂದರೆ ಹಿರಿಯರು ಇಂದಿಗೂ ಹದಿನೇಳು ಎಂದೇ ಕರೆಯುವ ರಸ್ತೆ. ಮಹಾಡ, ಚಿಪಳೂಣ, ಸಾವಂತವಾಡಿ, ಗೋವೆಗಳನ್ನು ದಾಟಿ ಕಾರವಾರ, ಕುಮಟಾ, ಕುಂದಾಪುರ, ಉಡುಪಿಗಳ ಮೂಲಕ ಇದು ಮಂಗಳೂರಿಗೆ ಹೋಗುತ್ತದೆ. ಎರಡನೆಯದು ಪುಣೆ, ಸಾತಾರಾ, ಕೊಲ್ಹಾಪುರ, ನಿಪ್ಪಾಣಿ, ಬೆಳಗಾವಿಗಳ ಮೇಲೆ ಹುಬ್ಬಳ್ಳಿಗೆ ಬಂದು, ಯಲ್ಲಾಪುರ ಮತ್ತು ಅರಬೈಲು ಘಟ್ಟದ ಮೂಲಕ ಅಂಕೋಲೆಗೆ ಇಳಿಯುವ ದಾರಿ. ಮೊದಲನೆಯದರಲ್ಲಿ ತಿರುವುಗಳು ಹೆಚ್ಚು. ಕಾರಿನಲ್ಲಿ ವಾಂತಿ ಮಾಡುವ ನಾಯಿಗೆ ಎರಡನೆಯದೇ ಹಿತ.

ಯಾವ ದಾರಿಯಾದರೂ ಒಂದೇ ದಿನದಲ್ಲಿ ಮುಗಿಸುವ ಹಟ ಬೇಡ. ಮೊದಲ ರಾತ್ರಿ ಕೊಲ್ಹಾಪುರ ಅಥವಾ ಬೆಳಗಾವಿ, ಕೊಂಕಣದ ದಾರಿಯಾದರೆ ಚಿಪಳೂಣ ಅಥವಾ ಸಾವಂತವಾಡಿ ಎಂದು ಇಟ್ಟುಕೊಂಡರೆ ದಾರಿಯ ಆಯಾಸ ಕಡಿಮೆಯಾಗುತ್ತದೆ. ಇಬ್ಬರಿಗೂ ಕಾರು ಓಡಿಸಲು ಬಂದರೆ ಎರಡು ಗಂಟೆಗೊಮ್ಮೆ ಸ್ಥಾನ ಬದಲಿಸುವುದು ಉತ್ತಮ. ಆ ನಿಲುಗಡೆಯೇ ನಾಯಿಯ ನಡಿಗೆಗೂ ನೀರಿಗೂ ಒದಗುತ್ತದೆ.

ನವೆಂಬರಿನಿಂದ ಫೆಬ್ರವರಿಯವರೆಗಿನ ಕಾಲ ಪ್ರಶಸ್ತ. ಮಳೆಗಾಲದಲ್ಲಿ ಹಸಿರು ಕಣ್ಣಿಗೆ ಹಬ್ಬವಾದರೂ ಈ ದಾರಿ ಅಪಾಯಕಾರಿ. 2016ರ ಆಗಸ್ಟಿನಲ್ಲಿ ಮಹಾಡದ ಬಳಿ ಸಾವಿತ್ರಿ ನದಿಯ ಹಳೆಯ ಸೇತುವೆ ನೆರೆಗೆ ಕೊಚ್ಚಿಹೋದುದನ್ನೂ, 2024ರ ಜುಲೈ 16ರಂದು ಅಂಕೋಲಾ ಸಮೀಪದ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು ಜೀವಹಾನಿಯಾದುದನ್ನೂ ನಾವು ಮರೆಯುವಂತಿಲ್ಲ.

ಹೊರಡುವ ಮುನ್ನ

ರೇಬೀಸ್ ಚುಚ್ಚುಮದ್ದಿನ ಅವಧಿ ಮೀರಿರಬಾರದು. ಮೊದಲ ಬಾರಿ ಹಾಕಿಸುವುದಾದರೆ ಮೂರು ವಾರ ಮುಂಚೆಯೇ ಹಾಕಿಸಬೇಕು. ಕರಾವಳಿಯ ನಿಂತ ನೀರಿನಲ್ಲಿ ಇಲಿಜ್ವರದ ಭಯವಿರುವುದರಿಂದ ಅದರ ಲಸಿಕೆಯ ಬಗ್ಗೆಯೂ ಪಶುವೈದ್ಯರನ್ನು ಕೇಳಬೇಕು. ಲಸಿಕೆಯ ಪುಸ್ತಕ, ದಿನನಿತ್ಯದ ಔಷಧಿ, ಅಭ್ಯಾಸದ ಆಹಾರ, ಹಳೆಯ ಹಾಸಿಗೆ ಇವಿಷ್ಟೂ ಜೊತೆಗಿರಲಿ. ಕೊರಳಪಟ್ಟಿಯ ಬಿಲ್ಲೆಯಲ್ಲಿ ದಂಪತಿಗಳಿಬ್ಬರ ಮೊಬೈಲ್ ಸಂಖ್ಯೆಯೂ ಇರಬೇಕು. ಹೆದ್ದಾರಿಯ ಪಕ್ಕ ಬೆದರಿ ಓಡಿದ ನಾಯಿ ಮರಳಿ ಸಿಗುವುದು ಬಹುಮಟ್ಟಿಗೆ ಈ ಬಿಲ್ಲೆಯಿಂದಲೇ.

ಹೊರಡುವುದಕ್ಕೆ ಮೂರು ನಾಲ್ಕು ಗಂಟೆ ಮೊದಲೇ ಊಟ ಮುಗಿಸಿದರೆ ವಾಂತಿ ಕಡಿಮೆ. ಕಾರಿನ ಸವಾರಿಯ ಅಭ್ಯಾಸವಿಲ್ಲದ ನಾಯಿಯನ್ನು ಹಿಂದಿನ ಒಂದು ತಿಂಗಳು ಸಣ್ಣ ಸಣ್ಣ ದೂರಕ್ಕೆ ಒಯ್ದು ರೂಢಿ ಮಾಡಿಸಬೇಕು.

ದಾರಿಯಲ್ಲಿ

ನಾಯಿಯ ಸ್ಥಾನ ಹಿಂದಿನ ಸೀಟು. ಎದೆಪಟ್ಟಿಗೆ ಬೆಲ್ಟು ಜೋಡಿಸಿ ಕೂರಿಸುವುದು ಕ್ಷೇಮ. ಮುಂದಿನ ಸೀಟಿನಲ್ಲಿ ಏರ್‌ಬ್ಯಾಗ್ ತೆರೆದರೆ ಅದರ ಹೊಡೆತವೇ ಮಾರಕವಾಗಬಹುದು. ಕಾರಿನ ಬಾಗಿಲು ತೆರೆಯುವ ಮೊದಲೇ ಹಗ್ಗ ಕೈಯಲ್ಲಿರಬೇಕು.

ಎಲ್ಲಕ್ಕಿಂತ ದೊಡ್ಡ ಶತ್ರು ಸೆಕೆ. ನಾಯಿಯ ಸಹಜ ಉಷ್ಣತೆ 38ರಿಂದ 39 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸು. ಅದು ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ತೇಕುವುದೇ ಅದು ತಂಪಾಗುವ ಮುಖ್ಯ ಬಗೆ. ಬಿಸಿಲಿನಲ್ಲಿ ನಿಲ್ಲಿಸಿದ ಮುಚ್ಚಿದ ಕಾರಿನೊಳಗಿನ ತಾಪ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಏರುತ್ತದೆ. ಕಿಟಕಿಯನ್ನು ತುಸು ತೆರೆದಿಟ್ಟರೂ ಹೆಚ್ಚಿನ ಪ್ರಯೋಜನವಿಲ್ಲ. ‘ಒಂದು ಚಹಾ ಕುಡಿದು ಬಂದುಬಿಡೋಣ’ ಎನ್ನುವಷ್ಟರಲ್ಲಿ ಪ್ರಾಣಕ್ಕೆ ಸಂಚಕಾರ ಬರಬಹುದು. ಪಗ್‌ನಂಥ ಚಪ್ಪಟೆ ಮೂಗಿನ ತಳಿಗಳಿಗೆ ಅಪಾಯ ಇನ್ನೂ ಹೆಚ್ಚು. ವಿಪರೀತ ತೇಕು, ಜೊಲ್ಲು, ತೂರಾಟ ಕಂಡರೆ ನೆರಳಿಗೆ ಒಯ್ದು, ಮೈಗೆ ತಣ್ಣೀರು ಸುರಿದು, ಗಾಳಿ ಹಾಕುತ್ತ ವೈದ್ಯರಲ್ಲಿಗೆ ಧಾವಿಸಬೇಕು.

ಹೋಟೆಲಿನ ಊಟದಲ್ಲಿ ನಾಯಿಗೆ ಪಾಲು ಬೇಡ. ಈರುಳ್ಳಿ, ಬೆಳ್ಳುಳ್ಳಿ, ಚಾಕಲೇಟು, ಪಾಯಸದ ಒಣದ್ರಾಕ್ಷಿ ಅದಕ್ಕೆ ವಿಷ. ಬೇಯಿಸಿದ ಕೋಳಿ ಎಲುಬು ಸೀಳಿ ಗಂಟಲಿಗೂ ಕರುಳಿಗೂ ಚುಚ್ಚುತ್ತದೆ. ಒಗ್ಗರಣೆಯಿಲ್ಲದ ಮೊಸರನ್ನ ಎಲ್ಲೆಡೆ ದೊರೆಯುತ್ತದೆ.

ಕಡಲು ಮತ್ತು ಕಾಡು

ಮರವಂತೆಯಲ್ಲಿ ಹೆದ್ದಾರಿಯ ಒಂದು ಮಗ್ಗುಲಿಗೆ ಕಡಲು, ಇನ್ನೊಂದು ಮಗ್ಗುಲಿಗೆ ಸೌಪರ್ಣಿಕಾ ನದಿ. ಮುಂಜಾನೆ ಇಂಥ ಮರಳಿನಲ್ಲಿ ನಾಯಿಯೊಡನೆ ನಡೆಯುವ ಸುಖ ಅಪೂರ್ವವೇ ಸರಿ. ಆದರೆ ಚಳಿಗಾಲದ ತಿಂಗಳುಗಳಲ್ಲಿ ಹೊನ್ನಾವರದ ಟೊಂಕದಂಥ ತೀರಗಳಿಗೆ ಕಡಲಾಮೆಗಳು ಮೊಟ್ಟೆಯಿಡಲು ಬರುತ್ತವೆ. ನಾಯಿಗಳು ಆ ಮೊಟ್ಟೆಗಳನ್ನು ಅಗೆದು ತಿನ್ನುವುದರಿಂದ ಅಲ್ಲಿ ಹಗ್ಗ ಬಿಚ್ಚಬಾರದು.

ದಾಂಡೇಲಿ, ಅಣಶಿಗಳನ್ನೊಳಗೊಂಡ ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ಕಾಡುಗಳಿಗೆ ಸಾಕುನಾಯಿ ಸಲ್ಲದು. 2018ರಲ್ಲಿ ಗುಜರಾತಿನ ಗಿರ್ ಕಾಡಿನಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಿಂಹಗಳು ಸತ್ತಾಗ, ನಾಯಿಗಳಲ್ಲಿ ಕಾಣುವ ಡಿಸ್ಟೆಂಪರ್ ವೈರಾಣು ಅವುಗಳಲ್ಲಿ ಪತ್ತೆಯಾಗಿತ್ತು. ಮಲೆನಾಡಿನಲ್ಲಿ ಮತ್ತೊಂದು ಎಚ್ಚರ ಅಗತ್ಯ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರಿನಲ್ಲಿ ಗುರುತಿಸಲಾದ ಮಂಗನ ಕಾಯಿಲೆ ಹರಡುವುದು ಉಣುಗುಗಳಿಂದ, ಅದೂ ಬಹುಪಾಲು ಡಿಸೆಂಬರಿನಿಂದ ಮೇವರೆಗೆ. ಈ ಅವಧಿಯಲ್ಲಿ ನಾಯಿಯನ್ನು ಕಾಡಿನಂಚಿನ ತರಗೆಲೆಗಳಲ್ಲಿ ಅಲೆಯಬಿಡಬಾರದು. ಪ್ರತಿ ಸಂಜೆ ಅದರ ಕಿವಿ, ಕಂಕುಳು, ಬೆರಳ ಸಂದುಗಳನ್ನು ನೋಡಬೇಕು.

ವಸತಿ, ದೇವಸ್ಥಾನ, ಊರಿನ ಮನೆ

ನಾಯಿಗೆ ಅವಕಾಶವಿದೆ ಎಂದು ಜಾಹೀರಾತು ಹಾಕುವ ವಸತಿಗೃಹಗಳಲ್ಲಿಯೂ ಕೆಲವು ಅದನ್ನು ರಾತ್ರಿ ಹೊರಗೆ ಕಟ್ಟಿಸುತ್ತವೆ. ಕೋಣೆಯೊಳಗೆ ಬಿಡುವರೇ, ಹೆಚ್ಚಿನ ಹಣ ಎಷ್ಟು, ಅಲ್ಲಿಯೇ ಸಾಕಿದ ನಾಯಿಗಳಿವೆಯೇ ಎಂಬ ಮೂರು ಪ್ರಶ್ನೆಗಳನ್ನು ಫೋನಿನಲ್ಲಿಯೇ ಕೇಳಿ ಖಚಿತಪಡಿಸಿಕೊಳ್ಳಬೇಕು. ದೇವಸ್ಥಾನಗಳಿಗೆ ಸರದಿಯಲ್ಲಿ ಹೋಗುವುದೇ ದಾರಿ: ಒಬ್ಬರು ದರ್ಶನ ಮುಗಿಸಿ ಬರುವವರೆಗೆ ಇನ್ನೊಬ್ಬರು ನಾಯಿಯೊಡನೆ ನೆರಳಿನಲ್ಲಿರಬೇಕು.

ಊರಿನ ಮನೆಯ ಪ್ರಶ್ನೆ ಇದಕ್ಕಿಂತ ಸೂಕ್ಷ್ಮ. ಅತ್ತೆ, ದೊಡ್ಡಮ್ಮಂದಿರ ಮಡಿಯ ಮನೆಯಲ್ಲಿ ನಾಯಿಯ ಜಾಗ ಅಂಗಳ. ನಗರದಲ್ಲಿ ಮಂಚದ ಬುಡದಲ್ಲಿ ಮಲಗುವ ನಾಯಿಗೆ ಅದು ಅಪರಿಚಿತ. ಹಿರಿಯರ ಮನಸ್ಸನ್ನು ನೋಯಿಸದೆ, ಮೊದಲೇ ಮಾತಾಡಿ, ಜಗಲಿಯ ಒಂದು ಮೂಲೆಯನ್ನು ಕೇಳಿಕೊಳ್ಳಬಹುದು. ಒಪ್ಪಿಗೆಯಿಲ್ಲವೆಂದಾದರೆ ಸಮೀಪದಲ್ಲಿ ಕೋಣೆ ಹಿಡಿದು ಹಗಲು ಮನೆಗೆ ಹೋಗಿಬರಬಹುದು. ಊರಿನ ನಾಯಿಗಳೊಡನೆ ಮೊದಲ ದಿನವೇ ಬಿಡುವುದು ಬೇಡ.

ವಯಸ್ಸಾದ ನಾಯಿ

ದೊಡ್ಡ ತಳಿಯ ನಾಯಿಗೆ ಏಳೆಂಟು ವರ್ಷಕ್ಕೇ ಮುಪ್ಪು ಆರಂಭವಾಗುತ್ತದೆ. ಹೃದಯದ ತೊಂದರೆ, ಕೀಲುನೋವು ಇದ್ದರೆ ವೈದ್ಯರ ಮಾತೇ ಅಂತಿಮವಾಗಲಿ. ಅವರು ಬೇಡವೆಂದರೆ, ದೂರದ ಊರಿನ ಬದಲು ಎರಡು ಮೂರು ಗಂಟೆಯ ಹಾದಿಯ ಅಲಿಬಾಗ ಅಥವಾ ಲೋಣಾವಳವೇ ಸಾಕು. ಊರಿನಲ್ಲಿ ಮದುವೆ, ಶ್ರಾದ್ಧಗಳು ಬಂದರೆ ದಂಪತಿಗಳಲ್ಲಿ ಒಬ್ಬರು ಹೋಗಿ ಇನ್ನೊಬ್ಬರು ಮನೆಯಲ್ಲಿ ಉಳಿಯುವುದನ್ನು ಬಂಧುಗಳು ವಿಚಿತ್ರವೆಂದು ಆಡಿಕೊಳ್ಳಬಹುದು. ಹನ್ನೆರಡು ವರ್ಷ ಬಾಗಿಲಲ್ಲಿ ನಮಗಾಗಿ ಕಾದಿದ್ದ ಜೀವಕ್ಕಾಗಿ ಒಂದು ಮದುವೆಯೂಟ ತಪ್ಪಿದರೆ ನಷ್ಟವೇನಿಲ್ಲ ಎಂದೇ ನಮ್ಮ ಅಭಿಪ್ರಾಯ. ಆರೋಗ್ಯವಿರುವ ನಾಯಿಯಿದ್ದವರು ಮಾತ್ರ ಮುಂದಿನ ವರ್ಷವೆಂದು ಮುಂದೂಡದೆ ಈ ಚಳಿಗಾಲದಲ್ಲಿಯೇ ಹೊರಡಲಿ. ಪಯಣ ಸುಖಕರವಾಗಲಿ.