ಕುಂಭಮೇಳಕ್ಕೆ ಎಷ್ಟು ವಯಸ್ಸು?

ನಾರಾ ನಗರದ ಯಕುಶಿಜಿ ದೇವಾಲಯದಲ್ಲಿ ಗೆಂಜೊ ಸಾಂಜೊ ಎಂಬ ಭಿಕ್ಷುವಿಗಾಗಿಯೇ ಕಟ್ಟಿದ ಒಂದು ಆವರಣವಿದೆ. ಈತನ ಅಸ್ಥಿಯ ಒಂದು ಭಾಗ ಅಲ್ಲಿದೆ. ಹಿರಯಾಮ ಇಕುವೊ ಎಂಬ ಕಲಾವಿದ ಬರೆದು 2000ದ ಕೊನೆಯ ದಿನ ಒಪ್ಪಿಸಿದ ಭಿತ್ತಿಚಿತ್ರಗಳಲ್ಲಿ ಚೀನಾದಿಂದ ನಾಲಂದದವರೆಗೆ ಈತ ನಡೆದ ದಾರಿಯಿದೆ. ಜಪಾನಿನ ಮಕ್ಕಳಿಗೆ ಈತ ಕೋತಿ, ಹಂದಿಗಳ ಜೊತೆ ಪಶ್ಚಿಮಕ್ಕೆ ಹೊರಟ ಕಥೆಯ ಸನ್ಯಾಸಿ. ನಮಗೆ ಶಾಲೆಯ ಇತಿಹಾಸ ಪುಸ್ತಕದ ಹ್ಯೂಯೆನ್ ತ್ಸಾಂಗ್. ನಮ್ಮ ಇಮ್ಮಡಿ ಪುಲಕೇಶಿಯನ್ನು ಮಣಿಸಲು ಹರ್ಷನಿಗೂ ಆಗಲಿಲ್ಲವೆಂದು ಬರೆದಿಟ್ಟ ಪುಣ್ಯಾತ್ಮ!

2025ರ ಜನವರಿಯಲ್ಲಿ ನಮ್ಮ ಮನೆಯವರ ವಾಟ್ಸಾಪ್ ಗುಂಪಿನಲ್ಲಿ ಈತನ ಹೆಸರು ಬಂತು. ಪ್ರಯಾಗದ್ದು 144 ವರ್ಷಕ್ಕೊಮ್ಮೆ ಬರುವ ಕುಂಭ, ಹ್ಯೂಯೆನ್ ತ್ಸಾಂಗನೇ ಕಂಡು ಬರೆದ ಮೇಳ, ಎಂಬ ಸಂದೇಶ. ಸುಮ್ಮನಿರಲಾರದೆ ಕೆದಕತೊಡಗಿದೆ.

ಈತ ಪ್ರಯಾಗದಲ್ಲಿ ಕಂಡದ್ದು ನಿಜ. ಕ್ರಿ.ಶ. 643ರ ಸುಮಾರಿಗೆ ಹರ್ಷ ಅಲ್ಲಿ ದಾನಸಭೆ ನಡೆಸಿದ. ಮೊದಲ ದಿನ ಬುದ್ಧನಿಗೆ, ಎರಡನೆಯ ದಿನ ಸೂರ್ಯನಿಗೆ, ಮೂರನೆಯ ದಿನ ಶಿವನಿಗೆ ಪೂಜೆ. 75 ದಿನಗಳಲ್ಲಿ ಬೊಕ್ಕಸ ಬರಿದಾಗಿ, ಕೊನೆಗೆ ಅರಸ ತಂಗಿಯಿಂದ ಹಳೆಯ ಬಟ್ಟೆಯೊಂದನ್ನು ಕೇಳಿ ಉಟ್ಟನಂತೆ. ಸಂಗಮದ ನೀರಿನ ಮಹಿಮೆಯನ್ನು ಜನ ನಂಬಿದ್ದನ್ನೂ ಭಿಕ್ಷು ದಾಖಲಿಸಿದ್ದಾನೆ. ಆದರೆ ಅದು ಐದು ವರ್ಷಕ್ಕೊಮ್ಮೆ ನಡೆಯುತ್ತಿದ್ದ ಸಭೆ. ಕುಂಭ ಎಂಬ ಮಾತೇ ಅಲ್ಲಿಲ್ಲ.

ಹಾಗಾದರೆ ಹೆಸರು ಬಂದದ್ದೆಲ್ಲಿಂದ? ಸಮುದ್ರಮಥನದ ಪುರಾಣದಲ್ಲಿ ಅಮೃತಕಲಶವೇನೋ ಇದೆ. ಉತ್ತರ ಮಾತ್ರ ಪಂಚಾಂಗದಲ್ಲಿದೆ ಎಂದು ನನ್ನ ಲೆಕ್ಕ. ಹರಿದ್ವಾರದ ಮೇಳ ನಡೆಯುವುದು ಗುರು ಕುಂಭ ರಾಶಿಗೆ ಬಂದಾಗ. ಹೆಸರು ಅಲ್ಲಿಗೆ ಸರಿಯಾಗಿ ಕೂರುತ್ತದೆ. ಉಜ್ಜಯಿನಿ, ನಾಸಿಕಗಳಲ್ಲಿ ಗುರು ಸಿಂಹದಲ್ಲಿರುತ್ತಾನೆ, ಅಲ್ಲಿನವರು ಇಂದಿಗೂ ಸಿಂಹಸ್ಥ ಎನ್ನುತ್ತಾರೆ. ಪ್ರಯಾಗದಲ್ಲೋ ಗುರು ವೃಷಭಕ್ಕೆ, ಸೂರ್ಯ ಮಕರಕ್ಕೆ ಬರಬೇಕು; ಕುಂಭದ ಸುಳಿವಿಲ್ಲ! 1695ರ 'ಖುಲಾಸತ್-ಉತ್-ತವಾರೀಖ್' ಎಂಬ ಪರ್ಷಿಯನ್ ಗ್ರಂಥವೂ ಕುಂಭಮೇಳವೆನ್ನುವುದು ಹರಿದ್ವಾರದ್ದನ್ನೇ.

ಪ್ರಯಾಗದಲ್ಲಿ ಇದ್ದದ್ದು ಪ್ರತಿವರ್ಷದ ಮಾಘಸ್ನಾನ. ಮಹಾಭಾರತದ ಅನುಶಾಸನ ಪರ್ವ ಅದನ್ನು ಹೊಗಳುತ್ತದೆ. ಅಲ್ಲಿಯ ಮೇಳಕ್ಕೆ ಕುಂಭವೆಂಬ ಹೆಸರು ಬ್ರಿಟಿಷರ ಕಡತಗಳಲ್ಲಿ ಕಾಣಿಸುವುದು 1868ರಲ್ಲಿ. 1857ರ ದಂಗೆಯಲ್ಲಿ ಪ್ರಯಾಗದ ಪಂಡಾಗಳೂ ಸೇರಿದ್ದರು. ಆಮೇಲೆ ಸರ್ಕಾರದ ಕಣ್ಣು ಅವರ ಮೇಲೆ. ಪ್ರಾಚೀನ ಧರ್ಮಾಚರಣೆ ಎಂದರೆ ಸರ್ಕಾರ ಕೈಹಾಕಲು ಹಿಂಜರಿಯುತ್ತಿತ್ತು, ಅದಕ್ಕೇ ಹಳೆಯ ಮಾಘಮೇಳಕ್ಕೆ ಕುಂಭದ ಹೆಸರು ತೊಡಿಸಿದರು ಎಂಬುದು ಇತಿಹಾಸಕಾರ್ತಿ ಕಾಮಾ ಮೆಕ್ಲೀನ್ 2008ರ ಪುಸ್ತಕದಲ್ಲಿ ಮಂಡಿಸಿದ ವಾದ. ನನಗೆ ಬಹುಮಟ್ಟಿಗೆ ಒಪ್ಪಿಗೆಯಾಯಿತು.

ಇಷ್ಟನ್ನೂ ಗುಂಪಿಗೆ ಬರೆದು ಕಳಿಸಲು ಹೊರಟವನಿಗೆ ನಮ್ಮೂರಿನ ಕಡೆಯ ಮೇಳ ನೆನಪಾಗಿ ಕೈ ತಡೆಯಿತು. ಕಾವೇರಿ, ಕಪಿಲೆ, ಸ್ಫಟಿಕ ಸರೋವರ ಕೂಡುವ ತಿರುಮಕೂಡಲು ನರಸೀಪುರ. ಅಲ್ಲಿಯ ಗುಂಜಾ ನರಸಿಂಹಸ್ವಾಮಿಯ ಕೈಯಲ್ಲಿ ಗುಲಗಂಜಿಯಿದೆ, ಕಾಶಿಗಿಂತ ಈ ಕ್ಷೇತ್ರ ಗುಲಗಂಜಿ ತೂಕ ಹೆಚ್ಚು ಎಂದು ತೋರಿಸಲು. ಆದಿಚುಂಚನಗಿರಿ, ಸುತ್ತೂರು ಮೊದಲಾದ ಮಠಗಳು ಸೇರಿ ಅಲ್ಲಿ ಕುಂಭಮೇಳ ಆರಂಭಿಸಿದ್ದು 1989ರಲ್ಲಿ, ಮೂರು ವರ್ಷಕ್ಕೊಮ್ಮೆ ಎಂದು. ಆಗ ನಾನು ಮೂರನೇ ಕ್ಲಾಸು. ಅಜ್ಜಿಯ ಸೆರಗು ಹಿಡಿದು ಮುಳುಗೆದ್ದವನು.

2001ರ ಮೇಳದ ಹೊತ್ತಿಗೆ ಅಜ್ಜಿ ಯಾರಿಗೋ ಹೇಳುತ್ತಿದ್ದರು, "ಇದು ನಮ್ಮ ಅಜ್ಜಿ ಕಾಲದಿಂದಲೂ ನಡ್ಕೊಂಡು ಬಂದದ್ದು." ಇಂಜಿನಿಯರಿಂಗ್ ಓದುತ್ತಿದ್ದ ನನಗೆ ತಡೆಯಲಾಗಲಿಲ್ಲ. "ಇಲ್ಲ ಅಜ್ಜಿ, ಎಂಬತ್ತೊಂಬತ್ತರಲ್ಲಿ ಶುರುವಾದದ್ದು. ನಾವಿಬ್ಬರೂ ಇದ್ದೆವಲ್ಲ!"

"ಅದು ಶಾಮಿಯಾನ ಹಾಕಿದ್ದು ಕಣೋ," ಎಂದರು ಅಜ್ಜಿ. "ಮಾಘದಲ್ಲಿ ನಾವು ಹೊಳೆಗೆ ಇಳಿಯೋದು ಯಾವಾಗ ಶುರುವಾಯ್ತು, ಅದನ್ನ ಹೇಳು ನೋಡೋಣ?"

ಉತ್ತರ ನನ್ನಲ್ಲಿರಲಿಲ್ಲ. 2022ರಲ್ಲಿ ಕೋವಿಡ್‌ನಿಂದಾಗಿ ನರಸೀಪುರದ ಮೇಳ ನಡೆಯಲಿಲ್ಲ, ಶಾಮಿಯಾನವಿಲ್ಲ, ಮಠಾಧೀಶರಿಲ್ಲ. ಆ ಮಾಘ ಹುಣ್ಣಿಮೆಯ ಬೆಳಿಗ್ಗೆ ಅಮ್ಮ ಸಂಗಮಕ್ಕೆ ಹೋಗಿ ಮೂರು ಮುಳುಗು ಹಾಕಿ, ಒಂದು ಚೊಂಬು ನೀರು ತುಂಬಿಕೊಂಡು ಮನೆಗೆ ಬಂದರು.