ಮೂಕವಾಗಿದ್ದ ಸಂಗೀತದ ಪೆಟ್ಟಿಗೆ



ಮೂವತ್ತು ವರ್ಷಗಳಿಗೂ ಮಿಕ್ಕಿ ನಿಮಗೆ ರಾಜವಂಶಗಳ ಏಳುಬೀಳುಗಳನ್ನು ಬೋಧಿಸಿದ ನಾನು ಈ ಸಲ ಗೇಣುದ್ದದ ಒಂದು ಯಂತ್ರದ ಇತಿಹಾಸವನ್ನು ಬರೆಯಲು ಕುಳಿತಿದ್ದೇನೆ. ಅದಕ್ಕೆ ಕಾರಣ ನಮ್ಮ ಅಕ್ಕ. ಎಂಬತ್ತಾರು ವಯಸ್ಸಿನ ಅಕ್ಕ ಕಳೆದ ಮಳೆಗಾಲದಲ್ಲಿ ಹದಿನೈದು ದಿನಗಳ ಮಟ್ಟಿಗೆ ಹಾಸನದ ನಮ್ಮ ಮನೆಗೆ ಬಂದಿದ್ದಳು. ಕಣ್ಣು ಮಂಜಾಗಿದೆ, ಕಿವಿ ಮಾತ್ರ ಚುರುಕು. ಬಂದಾಗಲೆಲ್ಲ ಅವಳಿಗೆ ಒಂದೇ ಆಸೆ: ಅಮ್ಮನ ಹಾಡು ಕೇಳಬೇಕು.

1981ರಲ್ಲಿ ಟೇಪ್‌ರೆಕಾರ್ಡರಿನ ಮುಂದೆ ಕುಳಿತು ಅಮ್ಮ ಹಾಡಿದ ಸಂಪ್ರದಾಯದ ಹಾಡುಗಳ ಎರಡು ಕ್ಯಾಸೆಟ್ಟುಗಳು ನಮ್ಮಲ್ಲಿದ್ದವು. ಅಮ್ಮ 1988ರಲ್ಲಿ ತೀರಿಕೊಂಡಳು. ಟೇಪಿಗೆ ಬೂಷ್ಟು ಹಿಡಿಯುವ ಮುನ್ನ ನನ್ನ ಮಗ ಅವುಗಳನ್ನು ಕಂಪ್ಯೂಟರಿಗೆ ಇಳಿಸಿದ. ಆ ಕಂಪ್ಯೂಟರು ಮಹಡಿಯ ಮೇಲಿದೆ. ಅಕ್ಕನಿಗೆ ಮೆಟ್ಟಿಲು ಹತ್ತಲಾಗದು. ಹಾಡು ಕೆಳಗಿನ ನಡುಮನೆಗೆ ಬರುವುದು ಮಗ ಅಮೆರಿಕದಿಂದ 2006ರಲ್ಲಿ ತಂದುಕೊಟ್ಟ ಸ್ಕ್ವೀಝ್‌ಬಾಕ್ಸ್ ಎಂಬ ಪೆಟ್ಟಿಗೆಯ ಮೂಲಕ. ಅಕ್ಕ ಬರುವ ಹಿಂದಿನ ವಾರ ಆ ಪೆಟ್ಟಿಗೆ ಮೂಕವಾಗಿತ್ತು.

ಈ ಯಂತ್ರದ ವಂಶಾವಳಿ ಸ್ವಾರಸ್ಯಕರವಾಗಿದೆ. ಕಳೆದ ಶತಮಾನದ ಕೊನೆಗೆ ಎಂಪಿ3 ವಿಧಾನದಿಂದಾಗಿ ಸಂಗೀತವು ಕಂಪ್ಯೂಟರಿನೊಳಗೆ ಮನೆ ಮಾಡಿತು. ಆದರೆ ಕಂಪ್ಯೂಟರು ಒಂದು ಕೋಣೆಯಲ್ಲಿ, ಒಳ್ಳೆಯ ಸ್ಪೀಕರುಗಳು ಇನ್ನೊಂದು ಕೋಣೆಯಲ್ಲಿ. ಈ ಅಂತರವನ್ನು ದಾಟಿಸಲು ಕ್ಯಾಲಿಫೋರ್ನಿಯಾದಲ್ಲಿ ಶಾನ್ ಆಡಮ್ಸ್ ಸ್ಥಾಪಿಸಿದ ಸ್ಲಿಮ್ ಡಿವೈಸಸ್ ಎಂಬ ಪುಟ್ಟ ಸಂಸ್ಥೆ 2001ರಲ್ಲಿ ಒಂದು ಯಂತ್ರವನ್ನು ಹೊರತಂದಿತು. ಅದಕ್ಕೆ ತಂತಿ ಬೇಕಾಗಿತ್ತು. 2003ರಲ್ಲಿ ಬಂದ ಸ್ಕ್ವೀಝ್‌ಬಾಕ್ಸ್ ತಂತಿಯ ಹಂಗನ್ನು ತೊರೆಯಿತು. ನಮ್ಮಲ್ಲಿರುವುದು 2005ರ ಮೂರನೆಯ ಆವೃತ್ತಿ. ಪೆಟ್ಟಿಗೆಯಲ್ಲಿ ಒಂದು ಹಾಡೂ ಇರುವುದಿಲ್ಲ. ಹಾಡುಗಳೆಲ್ಲ ಸರ್ವರ್ ಎನಿಸಿಕೊಂಡ ಕಂಪ್ಯೂಟರಿನಲ್ಲಿರುತ್ತವೆ. ಪೆಟ್ಟಿಗೆ ಕೇಳುತ್ತದೆ, ಕಂಪ್ಯೂಟರು ಕಳುಹಿಸುತ್ತದೆ.

2006ರಲ್ಲಿ ಲಾಜಿಟೆಕ್ ಸಂಸ್ಥೆ ಸ್ಲಿಮ್ ಡಿವೈಸಸ್ಸನ್ನು ಕೊಂಡುಕೊಂಡಿತು. 2012ರಲ್ಲಿ ಸ್ಕ್ವೀಝ್‌ಬಾಕ್ಸುಗಳ ತಯಾರಿಕೆ ನಿಂತಿತು. ಅವುಗಳಿಗಾಗಿಯೇ ಇದ್ದ ಅಂತರ್ಜಾಲ ಸೇವೆಯೂ 2024ರಲ್ಲಿ ಮುಚ್ಚಿತು. ಆದರೂ ಮನೆಯ ಕಂಪ್ಯೂಟರಿನಲ್ಲಿರುವ ಹಾಡುಗಳು ಈ ಪೆಟ್ಟಿಗೆಗಳಲ್ಲಿ ಇಂದಿಗೂ ಕೇಳಿಬರುತ್ತವೆ. ಏಕೆಂದರೆ ಸ್ಲಿಂಸರ್ವರ್ ಎಂಬ ಅದರ ಸರ್ವರ್ ತಂತ್ರಾಂಶದ ಮೂಲ ಬರಹವನ್ನು ಆರಂಭದಿಂದಲೂ ಎಲ್ಲರಿಗೂ ತೆರೆದಿಡಲಾಗಿತ್ತು. ಪರ್ಲ್ ಭಾಷೆಯಲ್ಲಿರುವ ಆ ಬರಹವನ್ನು ಬಳಕೆದಾರರೇ ತಿದ್ದುತ್ತ ಬೆಳೆಸುತ್ತ ಬಂದರು. ಹಲವು ಹೆಸರುಗಳನ್ನು ದಾಟಿ ಅದೀಗ ಲಿರಿಯನ್ ಮ್ಯೂಸಿಕ್ ಸರ್ವರ್ ಎನಿಸಿಕೊಂಡಿದೆ. ನಮ್ಮ ಸೀಮೆಯ ಕೆರೆಗಳೂ ಹೀಗೆಯೇ ಅಲ್ಲವೇ? ಕಟ್ಟಿಸಿದ ಅರಸರು ಇಲ್ಲವಾಗಿ ಎಷ್ಟೋ ಶತಮಾನಗಳಾದವು. ಊರವರು ಹೂಳೆತ್ತಿದ ಕಡೆ ನೀರು ಇನ್ನೂ ಗದ್ದೆಗೆ ಹರಿಯುತ್ತಿದೆ.

ಈಗ ನಮ್ಮ ಮನೆಯ ಸಂಗತಿಗೆ ಬರುತ್ತೇನೆ. ಸಿಡಿಲಿಗೆ ಹಳೆಯ ರೂಟರು ಸುಟ್ಟುಹೋಗಿ ಹೊಸದು ಬಂದಿತ್ತು. ಹಳೆಯ ಹೆಸರನ್ನೂ ಗುಪ್ತಪದವನ್ನೂ ಅದಕ್ಕೆ ಕೊಟ್ಟು ನಾನು ನಿಶ್ಚಿಂತನಾಗಿದ್ದೆ. ಮೊಬೈಲುಗಳೆಲ್ಲ ಮರುಮಾತಿಲ್ಲದೆ ಹೊಂದಿಕೊಂಡವು. ಪೆಟ್ಟಿಗೆ ಮಾತ್ರ, ಸರ್ವರಿನ ಸಂಪರ್ಕ ಸಿಗುತ್ತಿಲ್ಲವೆಂದು ತೋರಿಸುತ್ತ ಕುಳಿತಿತು. ಪೇಟೆಯಲ್ಲಿ ವಿಚಾರಿಸಿದೆ. "ಮೇಷ್ಟ್ರೇ, ಮಾಡಿದವರೇ ಇದನ್ನ ಕೈಬಿಟ್ಟಿದಾರೆ. ಹೊಸದು ತಗೊಂಡ್ಬಿಡಿ" ಎಂದರು. ಮೂರನೆಯ ಸಂಜೆ ಅಕ್ಕ ಕೇಳಿದಳು: "ಏನೋ, ಅಮ್ಮ ಇವತ್ತೂ ಹಾಡೋದಿಲ್ವೇನೋ?"

ಆ ರಾತ್ರಿ ನಿದ್ದೆ ಹತ್ತಲಿಲ್ಲ. ಹಿಂದೊಮ್ಮೆ, ಪ್ರಶ್ನೆಗೆ ಉತ್ತರಿಸಲಿಲ್ಲವೆಂದು ಕೊನೆಯ ಬೆಂಚಿನ ಹುಡುಗನೊಬ್ಬನನ್ನು ವಾರವಿಡೀ ನಿಲ್ಲಿಸಿದ್ದೆ. ಅವನಿಗೆ ಕಿವಿ ಮಂದವೆಂಬುದು ಆಮೇಲೆ ತಿಳಿಯಿತು. ಈ ಪೆಟ್ಟಿಗೆಯನ್ನು ಎಸೆಯುವ ಮುನ್ನ ಮಾತು ಎಲ್ಲಿ ತಡೆದಿದೆಯೆಂದು ನೋಡಬೇಕೆನಿಸಿತು. ಬೆಳಿಗ್ಗೆ ಎದ್ದು ಕಾಗದದ ಮೇಲೆ ಸರ್ವರು, ರೂಟರು, ಪೆಟ್ಟಿಗೆ ಎಂದು ಮೂರು ಚೌಕ ಬರೆದು ಒಂದೊಂದನ್ನೇ ಪರೀಕ್ಷಿಸತೊಡಗಿದೆ.

ಮೊದಲು ಮಹಡಿಯ ಕಂಪ್ಯೂಟರಿನಲ್ಲೇ ಬ್ರೌಸರು ತೆರೆದು, ವಿಳಾಸದ ಮುಂದೆ 9000 ಎಂಬ ಪೋರ್ಟ್ ಸಂಖ್ಯೆ ಬರೆದೆ. ಸರ್ವರಿನ ಪುಟ ತೆರೆಯಿತು. ಒಂದು ಹಾಡನ್ನೂ ಅಲ್ಲಿಯೇ ಆಲಿಸಿದೆ. ಮೇಲೆ ಅಮ್ಮ ಹಾಡುತ್ತಿದ್ದಳು, ಕೆಳಗೆ ಮಗಳು ಕಾಯುತ್ತಿದ್ದಳು. ಎರಡನೆಯದಾಗಿ ಪೆಟ್ಟಿಗೆಯನ್ನು ಪರಿಶೀಲಿಸಿದೆ. ರೂಟರು ಅದಕ್ಕೊಂದು ವಿಳಾಸ ಕೊಟ್ಟಿತ್ತು, ಎಂದರೆ ಅದು ಜಾಲದೊಳಗೆ ಬಂದಿತ್ತು. ಆದರೆ ಅದು ಹುಡುಕುತ್ತಿದ್ದುದು ಸರ್ವರಿನ ಹಳೆಯ ವಿಳಾಸವನ್ನು. ಹೊಸ ರೂಟರು ಕಂಪ್ಯೂಟರಿಗೆ ಬೇರೆ ವಿಳಾಸ ಕೊಟ್ಟಿತ್ತು. ಅದನ್ನು ತಿದ್ದಿದೆ. ಆದರೂ ಮೌನ!

ಮೂರನೆಯ ಪರೀಕ್ಷೆಯಿಂದ ಗುಟ್ಟು ಹೊರಬಿತ್ತು. ಮೊಬೈಲಿನಿಂದ ಅದೇ ಸರ್ವರಿನ ಪುಟವನ್ನು ತೆರೆಯಲು ಹೋದೆ, ತೆರೆಯಲಿಲ್ಲ. ಮೊಬೈಲಿಗೂ ಬಾಗಿಲು ಮುಚ್ಚಿದ್ದ ಮೇಲೆ ತಪ್ಪು ಪೆಟ್ಟಿಗೆಯದಾಗಿರಲು ಸಾಧ್ಯವಿಲ್ಲ. ಕಂಪ್ಯೂಟರಿನ ಕಾವಲುಗಾರನಾದ ಫೈರ್‌ವಾಲ್ ಇಬ್ಬರನ್ನೂ ತಡೆದಿದ್ದ. ಹೆಸರು ಹಳೆಯದಾದರೂ ರೂಟರು ಹೊಸದೆಂದು ಕಂಪ್ಯೂಟರು ಗುರುತಿಸಿ, ಮನೆಯ ಜಾಲವನ್ನು ರೈಲು ನಿಲ್ದಾಣದಂಥ ಸಾರ್ವಜನಿಕ ಸ್ಥಳವೆಂದು ಎಣಿಸಿತ್ತು. ನಮ್ಮ ಸರ್ವರಿಗೆ ಅನುಮತಿ ಇದ್ದುದು ಖಾಸಗಿ ಜಾಲದಲ್ಲಿ ಮಾತ್ರ. 'ಸಾರ್ವಜನಿಕ' ಎಂಬುದನ್ನು 'ಖಾಸಗಿ' ಎಂದು ಬದಲಿಸಿದೆ. ಪೆಟ್ಟಿಗೆ ಮಾತನಾಡುವ 3483ರ ಬಾಗಿಲೂ ಹಾಡು ಹೊರಡುವ 9000ದ ಬಾಗಿಲೂ ತೆರೆದುಕೊಂಡವು.

ನಿಮ್ಮಲ್ಲಿ ಯಾರಿಗಾದರೂ ಇಂಥ ತೊಡಕು ಬಂದರೆ ಕಾವಲುಗಾರನನ್ನೇ ಮನೆಗೆ ಕಳುಹಿಸಬೇಡಿ. ಬೇಕಾದ ಬಾಗಿಲನ್ನಷ್ಟೇ ತೆರೆಯಿಸಿ. ಸರ್ವರಿನ ವಿಳಾಸ ಮತ್ತೆ ಬದಲಾಗದಂತೆ ಅದನ್ನು ರೂಟರಿನಲ್ಲಿ ಕಾಯ್ದಿರಿಸಿ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯ ಹಿರಿಯರ ಧ್ವನಿ ಯಾವುದಾದರೂ ಕ್ಯಾಸೆಟ್ಟಿನಲ್ಲಿದ್ದರೆ ಈ ತಿಂಗಳೇ ಅದನ್ನು ಎರಡು ಕಡೆ ನಕಲು ಮಾಡಿಡಿ.

ಆ ಸಂಜೆ ನಡುಮನೆಯಲ್ಲಿ ಅಮ್ಮ ಹಾಡಿದಳು. ಎರಡನೆಯ ಹಾಡಿನ ನಡುವೆ ಅವಳು ಸಾಲೊಂದನ್ನು ಮರೆತು ತಡೆಯುತ್ತಾಳೆ. ಪಕ್ಕದಲ್ಲಿದ್ದ ಅಕ್ಕ ಮೆಲುದನಿಯಲ್ಲಿ ಅದನ್ನು ಎತ್ತಿಕೊಡುತ್ತಾಳೆ. 1981ರ ಆ ದನಿ ಪೆಟ್ಟಿಗೆಯಿಂದ ಬರುವ ಮೊದಲೇ, ಕುರ್ಚಿಯಲ್ಲಿ ಕಣ್ಣು ಮುಚ್ಚಿ ಕುಳಿತಿದ್ದ ಅಕ್ಕ ಆ ಸಾಲನ್ನು ಅಮ್ಮನಿಗೆ ಎತ್ತಿಕೊಟ್ಟಳು.